ಡಿಸ್ಚಾರ್ಜ್ ಚೀಟಿ

ನಮ್ಮತ್ತೆಯವರ ಹಳೆಯ ಟ್ರಂಕಿನಲ್ಲಿ ಒಂದು ಚೀಟಿ ಇದೆ. 1994ರ ಫೆಬ್ರವರಿ ತಿಂಗಳಿನದು. ಮಡಿಕೆಯ ಜಾಗದಲ್ಲಿ ಹರಿದಿದೆ, ಶಾಯಿ ಮಾಸಿದೆ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಿಂದ ಅವರನ್ನು ಮನೆಗೆ ಕಳಿಸುವಾಗ ಕೊಟ್ಟದ್ದು. ಅದರಲ್ಲಿ ರೋಗದ ಹೆಸರು ಇಂಗ್ಲಿಷಿನಲ್ಲಿದೆ. ಮೂರು ಮಾತ್ರೆಗಳ ಹೆಸರಿದೆ. ಒಂದು ತಿಂಗಳು ಬಿಟ್ಟು ಬರಬೇಕು ಎಂದಿದೆ. ಕೊನೆಯ ಸಾಲಿನಲ್ಲಿ ಫಿಸಿಯೋಥೆರಪಿ ಮಾಡಿಸುವುದು ಎಂದು ಗೀಚಿದ್ದಾರೆ. ಎಲ್ಲಿ ಮಾಡಿಸಬೇಕು, ಯಾರಿಂದ, ಹೇಗೆ, ಎಷ್ಟು ದಿನ, ಅದೊಂದೂ ಇಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವಳು. ಪಾಣಿಪತ್ ಯುದ್ಧ ಮೂರು, ಮೈಸೂರು ಯುದ್ಧ ನಾಲ್ಕು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಯುದ್ಧ ಮುಗಿದ ಮೇಲೆ ಕೈಕಾಲು ಕಳೆದುಕೊಂಡವರು ಮನೆಗೆ ಹೇಗೆ ಹೋದರು, ಮನೆಯಲ್ಲಿ ಅವರನ್ನು ನೋಡಿಕೊಂಡವರು ಯಾರು ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೇ ಹೊಳೆದಿರಲಿಲ್ಲ. ಹೊಳೆದದ್ದು ಈ ಚೀಟಿ ಕೈಗೆ ಬಂದ ದಿನ.

ಆ ವರ್ಷ ಸಂಕ್ರಾಂತಿ ಕಳೆದು ಐದಾರು ದಿನವಾಗಿತ್ತು. ಅತ್ತೆ ಎಂದಿನಂತೆ ಬೆಳಗಿನ ಜಾವ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಿದ್ದರು. ನಾನು ಒಳಗೆ ಕಾಫಿಗೆ ಡಿಕಾಕ್ಷನ್ ಹಾಕುತ್ತಿದ್ದೆ. ಏನೋ ಬಿದ್ದ ಸದ್ದಾಯಿತು. ಬಂದು ನೋಡಿದರೆ ರಂಗೋಲಿಯ ಬಟ್ಟಲು ಮಗುಚಿದೆ, ಅತ್ತೆ ಹೊಸಿಲಿಗೆ ಒರಗಿ ಕೂತಿದ್ದಾರೆ, ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಬಲಗೈ ಎತ್ತಲಾಗುತ್ತಿಲ್ಲ. ನನ್ನ ಹೆಸರು ಕೂಗಲು ನೋಡುತ್ತಿದ್ದಾರೆ, ಬರುತ್ತಿಲ್ಲ. ತಿಪಟೂರಿನ ನಮ್ಮ ಬೀದಿಯವರೆಲ್ಲ ಸೇರಿದರು. ಲಕ್ವ ಹೊಡೆದಿದೆ ಎಂದು ಡಾಕ್ಟರಿಗಿಂತ ಮೊದಲೇ ಎಲ್ಲರಿಗೂ ಗೊತ್ತಾಯಿತು. ಒಬ್ಬರು ಪಾರಿವಾಳದ ರಕ್ತ ತಿಕ್ಕಬೇಕು ಎಂದರು. ಇನ್ನೊಬ್ಬರು ನಾಟಿ ಔಷಧಿ ಕೊಡುವವರ ಊರಿನ ಹೆಸರು ಹೇಳಿದರು. ನನ್ನ ಯಜಮಾನರು ಯಾರ ಮಾತೂ ಕೇಳದೆ ಪಕ್ಕದ ಮನೆಯ ಅಂಬಾಸಿಡರ್ ಕಾರಿನಲ್ಲಿ ಅವರನ್ನು ಮಲಗಿಸಿಕೊಂಡು ಬೆಂಗಳೂರಿಗೆ ಹೊರಟರು.

ಆಸ್ಪತ್ರೆಯವರು ಜೀವ ಉಳಿಸಿದರು. ಅದನ್ನು ನಾನು ಎಂದೂ ಮರೆಯುವುದಿಲ್ಲ. ಹನ್ನೊಂದು ದಿನ ಅಲ್ಲಿದ್ದೆವು. ಹನ್ನೆರಡನೆಯ ದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು, "ಇನ್ನು ಇಲ್ಲಿ ಮಾಡೋದೇನಿಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದರು. ನಾಲ್ಕು ಗಂಟೆಯೊಳಗೆ ಮಂಚ ಖಾಲಿ ಮಾಡಬೇಕಾಗಿತ್ತು. "ಮನೇಲಿ ಏನು ಮಾಡಬೇಕು ಸಿಸ್ಟರ್?" ಎಂದು ಕೇಳಿದೆ. "ಚೆನ್ನಾಗಿ ನೋಡ್ಕೊಳ್ಳಿ ಅಮ್ಮ" ಎಂದಳು ಆ ಹುಡುಗಿ. ಅವಳ ವಾರ್ಡಿನಲ್ಲಿ ಮೂವತ್ತು ಜನ ರೋಗಿಗಳಿದ್ದರು. ಅವಳನ್ನು ಬಯ್ಯಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ರಾತ್ರಿ ಹತ್ತಕ್ಕೆ ಊರು ಸೇರಿದೆವು. ನಮ್ಮದು ಹಳೆಯ ಮನೆ. ಮೊಣಕಾಲೆತ್ತರದ ಹೊಸಿಲು. ಕಕ್ಕಸು ಹಿತ್ತಲಿನಲ್ಲಿ, ಎಂಟು ಮೆಟ್ಟಿಲು ಇಳಿದು ಹೋಗಬೇಕು. ಹಿಂದಿನ ತಿಂಗಳು ದಿನಕ್ಕೆ ಹತ್ತು ಸಲ ದಾಟಿದ ಹೊಸಿಲನ್ನು ಅತ್ತೆ ಅಂದು ನಾಲ್ಕು ಜನರ ಹೆಗಲ ಮೇಲೆ ದಾಟಿದರು. ಮಂಚದ ಮೇಲೆ ಮಲಗಿಸಿ ಎಲ್ಲರೂ ಹೋದ ಮೇಲೆ ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಈಗೇನು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆಮೇಲಿನ ಎರಡು ವರ್ಷದಲ್ಲಿ ನಾನು ಮಾಡಿದ ತಪ್ಪುಗಳನ್ನು ಹೇಳಬೇಕು. ಅದಕ್ಕಾಗಿಯೇ ಇದನ್ನು ಬರೆಯಲು ಕೂತಿದ್ದೇನೆ.

ಅವರನ್ನು ಎಬ್ಬಿಸಿ ಕೂರಿಸುವಾಗ ಸೋತ ಬಲಗೈಯನ್ನೇ ಹಿಡಿದು ಎಳೆಯುತ್ತಿದ್ದೆ. ಹಿಡಿಯಲು ಅದೇ ಹತ್ತಿರವಿತ್ತು. ಶಕ್ತಿ ಕಳೆದುಕೊಂಡ ಸ್ನಾಯುಗಳು ಭುಜದ ಕೀಲನ್ನು ಬಿಗಿಯಾಗಿ ಹಿಡಿದುಕೊಂಡಿರುವುದಿಲ್ಲ, ಎಳೆದರೆ ಕೀಲು ಜಾರುತ್ತದೆ ಎಂದು ನನಗೆ ಯಾರು ಹೇಳಬೇಕಿತ್ತು? ಎತ್ತಿದಾಗಲೆಲ್ಲ ಅತ್ತೆ ಕಿರುಚುತ್ತಿದ್ದರು. ಮಾತು ಹೋಗಿತ್ತಲ್ಲ, ಇದ್ದದ್ದು ಕೂಗೊಂದೇ. ತಮ್ಮ ಹಣೆಬರಹಕ್ಕೆ ಅಳುತ್ತಿದ್ದಾರೆ ಎಂದುಕೊಂಡು ನಾನು ಸಮಾಧಾನ ಮಾಡುತ್ತಿದ್ದೆ. ಸಮಾಧಾನ ಮಾಡುತ್ತಾ ಮತ್ತೆ ಅದೇ ಕೈ ಎಳೆಯುತ್ತಿದ್ದೆ.

ಮಲಗಿದ್ದಂತೆಯೇ ಚಮಚದಲ್ಲಿ ನೀರು ಹಾಕುತ್ತಿದ್ದೆ. ಕೆಮ್ಮು ಬರುತ್ತಿತ್ತು. ಈ ರೋಗದಲ್ಲಿ ನುಂಗುವ ಶಕ್ತಿಯೂ ಕುಂದುತ್ತದೆ. ಗಟ್ಟಿ ಗಂಜಿಗಿಂತ ನೀರೇ ಹೆಚ್ಚು ಅಪಾಯ, ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮೂರನೆಯ ವಾರದಲ್ಲಿ ಅದೂ ಆಯಿತು. ಇನ್ನು, ಮನೆಗೆ ಬಂದ ಹಿರಿಯರೆಲ್ಲ "ಅಲುಗಾಡಿಸಬೇಡಿ, ನರ ಸೂಕ್ಷ್ಮ" ಎಂದದ್ದನ್ನು ಕೇಳಿ ಅವರನ್ನು ಮಗ್ಗುಲು ಬದಲಿಸದೆ ಮಲಗಿಸಿದ್ದರಿಂದ ಬೆನ್ನಿನ ಕೆಳಗೆ ಹುಣ್ಣಾಯಿತು. ಅದು ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು ಬಿ.ಪಿ. ಮಾತ್ರೆಯದು. ಒಂದು ವರ್ಷದ ಹೊತ್ತಿಗೆ ಅತ್ತೆ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದರು. ಎಲ್ಲ ಸರಿಹೋಯಿತಲ್ಲ ಎಂದು ಮಾತ್ರೆ ತರಿಸುವುದನ್ನು ಬಿಟ್ಟೆವು. ಚೀಟಿಯಲ್ಲಿ ಮಾತ್ರೆಯ ಹೆಸರಿತ್ತು, ಜೀವನಪೂರ್ತಿ ಎಂಬ ಮಾತಿರಲಿಲ್ಲ. 1996ರಲ್ಲಿ ಎರಡನೆಯ ಸಲ ಹೊಡೆಯಿತು. ಮೂರನೆಯ ದಿನ ತೀರಿಕೊಂಡರು. ಮಾತ್ರೆ ನುಂಗಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಆಣೆಯಿಟ್ಟು ಹೇಳಲಾರರು. ಆದರೆ ರಾತ್ರಿ ನಿದ್ದೆ ಬಾರದಾಗ ಮನಸ್ಸು ಆ ಲೆಕ್ಕವನ್ನೇ ಹಾಕುತ್ತದೆ.

ಚರಿತ್ರೆಯ ಮೇಷ್ಟರಲ್ಲವೇ, ದುಃಖ ಬಂದರೂ ನನಗೆ ಇಸವಿ ಹುಡುಕುವ ಚಾಳಿ. ಆಸ್ಪತ್ರೆಯ ಬಾಗಿಲಾಚೆಗೆ ರೋಗಿ ಏನಾಗುತ್ತಾನೆ ಎಂದು ಪ್ರಪಂಚದಲ್ಲಿ ಮೊದಲು ಯೋಚನೆ ಮಾಡಿದವರು ಯಾರು? ನಿವೃತ್ತಿಯಾದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಮಗಳು ತಂದುಕೊಟ್ಟದ್ದನ್ನು ಓದಿದೆ. ಓದಿದ್ದರಲ್ಲಿ ಕೆಲವನ್ನು ನಿಮಗೂ ಹೇಳುತ್ತೇನೆ.

ರೋಗ ಹೊಸದಲ್ಲ. ನಮ್ಮ ಆಯುರ್ವೇದದಲ್ಲಿ ಇದನ್ನು ಪಕ್ಷಾಘಾತ ಎಂದು ವಾತರೋಗಗಳಲ್ಲಿ ಸೇರಿಸಿದ್ದಾರೆ. ಲಕ್ವ ಎನ್ನುವುದು ಅರಬ್ಬಿಯಿಂದ ಬಂದ ಮಾತು, ಅಲ್ಲಿ ಅದಕ್ಕೆ ಮುಖ ಸೊಟ್ಟಗಾಗುವುದೆಂದು ಅರ್ಥ. ಗ್ರೀಕರು ಹೊಡೆದು ಉರುಳಿಸಿದಂತೆ ಎಂಬ ಅರ್ಥದ ಹೆಸರಿಟ್ಟರು. ಇಂಗ್ಲಿಷಿನ ಸ್ಟ್ರೋಕ್ ಎಂದರೂ ಹೊಡೆತವೇ. ಎಲ್ಲ ಭಾಷೆಯವರೂ ಯಾರೋ ಬಂದು ಹೊಡೆದರು ಎಂದೇ ತಿಳಿದಿದ್ದಾರೆ. 1658ರಲ್ಲಿ ಸ್ವಿಟ್ಜರ್ಲೆಂಡಿನ ಷಾಫ್‌ಹೌಸೆನ್ ಎಂಬ ಊರಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್, ಸತ್ತವರ ತಲೆಯನ್ನು ಪರೀಕ್ಷಿಸಿ, ಮೆದುಳಿನೊಳಗೆ ರಕ್ತ ಒಸರಿರುವುದನ್ನು ಬರೆದಿಟ್ಟ. ಕಾರಣ ತಿಳಿಯುತ್ತಾ ಬಂತು. ಆದರೆ ಬದುಕಿ ಉಳಿದವರನ್ನು ಏನು ಮಾಡಬೇಕು ಎಂಬ ಪ್ರಶ್ನೆ ಇನ್ನೂರೈವತ್ತು ವರ್ಷ ಹಾಗೆಯೇ ಬಿದ್ದಿತ್ತು.

ಆ ಪ್ರಶ್ನೆಯನ್ನು ಎತ್ತಿಕೊಂಡವರಲ್ಲಿ ಬಹಳ ಮಂದಿ ಹೆಂಗಸರು ಎನ್ನುವುದು ನನಗೆ ಆಶ್ಚರ್ಯ ತರಲಿಲ್ಲ.

1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯವರು ಮೇರಿ ಸ್ಟೂವರ್ಟ್ ಎಂಬಾಕೆಯನ್ನು ನೇಮಿಸಿಕೊಂಡರು. ಹುದ್ದೆಯ ಹೆಸರು ಆಲ್ಮನರ್. ಆಡಳಿತದವರಿಗೆ ಬೇಕಾಗಿದ್ದದ್ದು, ಯಾರು ದುಡ್ಡಿದ್ದೂ ಪುಕ್ಕಟೆ ಔಷಧಿ ತೆಗೆದುಕೊಂಡು ಹೋಗುತ್ತಿದ್ದಾರೆ ಎಂದು ಪತ್ತೆ ಹಚ್ಚುವವರು. ಆಕೆ ರೋಗಿಗಳನ್ನು ಕೂರಿಸಿಕೊಂಡು ಮಾತನಾಡಿಸತೊಡಗಿದಾಗ ಬೇರೆಯೇ ಕಥೆ ಹೊರಬಿತ್ತು. ಮನೆಯಲ್ಲಿ ಅನ್ನವಿಲ್ಲದವರಿಗೆ, ನೋಡಿಕೊಳ್ಳುವವರಿಲ್ಲದವರಿಗೆ ಬರಿಯ ಔಷಧಿಯಿಂದ ಏನಾಗಬೇಕು? ಹತ್ತು ವರ್ಷದ ನಂತರ, 1905ರಲ್ಲಿ, ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡಾಕ್ಟರ್ ರಿಚರ್ಡ್ ಕ್ಯಾಬಟ್ ಇದೇ ಯೋಚನೆಗೆ ಬಂದರು. ದುಡಿದು ತಿನ್ನುವ ಹೆಂಗಸಿಗೆ ವಿಶ್ರಾಂತಿ ತೆಗೆದುಕೋ, ಒಳ್ಳೆಯ ಊಟ ಮಾಡು ಎಂದು ಬರೆದುಕೊಟ್ಟರೆ ಅದು ನಡೆಯುವ ಮಾತೇ ಎಂಬುದು ಅವರ ಪ್ರಶ್ನೆ. ಗಾರ್ನೆಟ್ ಪೆಲ್ಟನ್ ಎಂಬ ದಾದಿಯನ್ನು ಆ ಕೆಲಸಕ್ಕೆ ನಿಲ್ಲಿಸಿದರು. ಆಕೆಯ ನಂತರ ಬಂದ ಐಡಾ ಕ್ಯಾನನ್ ಎಂಬ ಇನ್ನೊಬ್ಬ ದಾದಿ ದಶಕಗಳ ಕಾಲ ಅದನ್ನು ನಡೆಸಿ, ಆಸ್ಪತ್ರೆಯ ಸಮಾಜಕಾರ್ಯಕ್ಕೆ ಒಂದು ಶಿಸ್ತು ತಂದರು. ರೋಗಿಯ ಮನೆ ಎಂಥದು ಎಂದು ತಿಳಿಯದೆ ಅವನನ್ನು ಮನೆಗೆ ಕಳಿಸಬಾರದು ಎಂಬ ಪಾಠ ಅಲ್ಲಿಂದ ಬಂತು.

ನನ್ನ ಮನಸ್ಸಿನಲ್ಲಿ ನಿಂತುಬಿಟ್ಟವರು ಮಾರ್ಜರಿ ವಾರನ್. ಇಂಗ್ಲೆಂಡಿನಲ್ಲಿ ಆಗ ಗತಿಯಿಲ್ಲದ ಬಡವರಿಗೆ ಗಂಜಿಮನೆಗಳಿದ್ದವು, ಅವಕ್ಕೆ ಅಂಟಿಕೊಂಡಂತೆ ರೋಗಿಗಳ ಮನೆಗಳಿದ್ದವು. ಲಕ್ವ ಹೊಡೆದ ಮುದುಕ ಮುದುಕಿಯರನ್ನು ಅಲ್ಲಿ ಮಲಗಿಸಿಬಿಡುತ್ತಿದ್ದರು. ಮಲಗಿದವರು ಏಳುತ್ತಿರಲಿಲ್ಲ, ಏಳಿಸುವವರೂ ಇರಲಿಲ್ಲ. 1935ರಲ್ಲಿ ಲಂಡನ್ನಿನ ಹೊರವಲಯದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಇಂಥದೊಂದು ಮನೆಯನ್ನು ಸೇರಿಸಿದಾಗ, ಅಲ್ಲಿನ 714 ರೋಗಿಗಳ ಹೊಣೆ ಡಾಕ್ಟರ್ ವಾರನ್ ಪಾಲಿಗೆ ಬಂತು. ಆಕೆ ಶಸ್ತ್ರಚಿಕಿತ್ಸೆ ಕಲಿತವರು. ಬೇರೆಯವರು ಮೂಗು ಮುರಿಯುತ್ತಿದ್ದ ಕೆಲಸವನ್ನು ಕೈಗೆ ತೆಗೆದುಕೊಂಡರು.

ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಎಷ್ಟೋ ಜನಕ್ಕೆ ರೋಗ ಏನೆಂದು ಯಾರೂ ನೋಡಿಯೇ ಇರಲಿಲ್ಲ. ಯಾರು ಎದ್ದು ಕೂರಬಲ್ಲರು, ಯಾರು ನಡೆಯಬಲ್ಲರು, ಯಾರನ್ನು ಮನೆಗೆ ಕಳಿಸಬಹುದು ಎಂದು ವಿಂಗಡಿಸಿದರು. ವ್ಯಾಯಾಮ ಕಲಿಸಿದರು. ಕತ್ತಲೆಯ ವಾರ್ಡುಗಳಿಗೆ ಬೆಳಕು ತರಿಸಿದರು. ಹಾಸಿಗೆ ಹಿಡಿದು ವರ್ಷಗಳಾಗಿದ್ದವರಲ್ಲಿ ಅನೇಕರು ಎದ್ದು ಮನೆಗೆ ಹೋದರು. ಹಾಸಿಗೆಗಳ ಸಂಖ್ಯೆ ಏಳುನೂರರಿಂದ ಇನ್ನೂರೈವತ್ತಕ್ಕೂ ಕೆಳಗಿಳಿಯಿತು. 1943ರಲ್ಲಿ ತಮ್ಮ ಅನುಭವವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ವೃದ್ಧರ ವೈದ್ಯ ಎಂಬ ಒಂದು ಶಾಖೆಯೇ ಅವರಿಂದ ಬೆಳೆಯಿತು ಎನ್ನುತ್ತಾರೆ. ಅವರ ವಿಷಯ ಓದುವಾಗ ನನಗೆ ನಮ್ಮ ಮನೆಯ ಹಿರಿಯರ ಮಾತು ನೆನಪಾಯಿತು. ಅಲುಗಾಡಿಸಬೇಡಿ ಎಂಬ ಉಪದೇಶ ತಪ್ಪೆಂದು ಲಂಡನ್ನಿನಲ್ಲಿ ತೋರಿಸಿ ಅರವತ್ತು ವರ್ಷವಾಗುತ್ತಿದ್ದರೂ ತಿಪಟೂರಿನ ನಮ್ಮ ಬೀದಿಗೆ ಸುದ್ದಿ ಮುಟ್ಟಿರಲಿಲ್ಲ.

1940ರ ದಶಕದಲ್ಲಿ ಅದೇ ಲಂಡನ್ನಿನಲ್ಲಿ ಬರ್ಟಾ ಬೋಬಾತ್ ಎಂಬ ಇನ್ನೊಬ್ಬಾಕೆ ಇದ್ದರು. ಹಿಟ್ಲರನ ಕಾಲದಲ್ಲಿ ಬರ್ಲಿನ್ ಬಿಟ್ಟು ಓಡಿಬಂದ ಯಹೂದಿ ಹೆಣ್ಣುಮಗಳು, ವ್ಯಾಯಾಮ ಕಲಿಸುವವರು. ಲಕ್ವ ಹೊಡೆದ ಚಿತ್ರಕಾರರೊಬ್ಬರಿಗೆ ಆರೈಕೆ ಮಾಡುವಾಗ, ಸೋತ ಭಾಗವನ್ನು ಕೈಬಿಟ್ಟು ಚೆನ್ನಾಗಿರುವ ಭಾಗದಿಂದಲೇ ಬದುಕು ಸಾಗಿಸುವುದನ್ನು ಕಲಿಸಿದರೆ ಸಾಲದು, ಸೋತ ಭಾಗವನ್ನು ಸರಿಯಾದ ರೀತಿಯಲ್ಲಿ ಹಿಡಿದು, ಇಟ್ಟು, ಆಡಿಸಿದರೆ ಅದರ ಬಿಗಿತವೂ ಸಡಿಲುತ್ತದೆ ಎಂದು ಕಂಡುಕೊಂಡರು. ಇವತ್ತಿನ ಫಿಸಿಯೋಥೆರಪಿಯವರು ಅವರ ವಿಧಾನದಲ್ಲಿ ಕೆಲವನ್ನು ಒಪ್ಪುತ್ತಾರೆ, ಕೆಲವನ್ನು ಒಪ್ಪುವುದಿಲ್ಲ. ಆದರೆ ಆ ಕೈಯನ್ನು ಹೇಗೆ ಮುಟ್ಟಬೇಕು ಎಂಬುದೇ ಒಂದು ವಿದ್ಯೆ ಎಂದು ತಿಳಿದಾಗ, ನಾನು ಎಳೆದ ಕೈ ನೆನಪಾಗಿ ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಕೂತಿದ್ದೆ.

ನಮ್ಮ ದೇಶದಲ್ಲಿ ಏನೂ ಆಗಿರಲಿಲ್ಲವೇ? ಆಗಿತ್ತು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಆಸ್ಪತ್ರೆಗಳಲ್ಲಿ ಸಮಾಜಕಾರ್ಯಕರ್ತರು ಇರಬೇಕು ಎಂದು ಹೇಳಿತ್ತು. ಅದೇ ವರ್ಷ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಅಂಥವರ ನೇಮಕವೂ ಆಯಿತು. ಮುಂಬಯಿಯಲ್ಲೇ ಕಮಲಾ ನಿಂಬ್ಕರ್ ಇದ್ದರು. ಹುಟ್ಟಿದ್ದು ಅಮೆರಿಕದಲ್ಲಿ, ಎಲಿಜಬೆತ್ ಲಂಡಿಯಾಗಿ. ಮರಾಠಿಯವರನ್ನು ಮದುವೆಯಾಗಿ ಕಮಲಾ ಆದರು. 1950ರಲ್ಲಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಹೆಸರು ಕೇಳಿ ಇದು ಯಾವುದೋ ದೊಡ್ಡ ಚಿಕಿತ್ಸೆ ಎಂದುಕೊಳ್ಳಬೇಡಿ. ಒಂದು ಕೈಯಲ್ಲಿ ರವಿಕೆ ತೊಡುವುದು ಹೇಗೆ, ಒಂದು ಕೈಯಲ್ಲಿ ತಟ್ಟೆ ಜಾರದಂತೆ ಊಟ ಮಾಡುವುದು ಹೇಗೆ, ಸ್ನಾನ ಹೇಗೆ, ಅಡುಗೆ ಹೇಗೆ ಎಂದು ಕಲಿಸುವ ವಿದ್ಯೆ. ನಮ್ಮತ್ತೆ ಎರಡು ವರ್ಷ ನನ್ನ ಕೈಯಿಂದ ರವಿಕೆ ಹಾಕಿಸಿಕೊಂಡರು. ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ವೆಲ್ಲೂರಿನ ಮೇರಿ ವರ್ಗೀಸರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕೇರಳದ ಹುಡುಗಿ, ವೆಲ್ಲೂರಿನಲ್ಲಿ ಡಾಕ್ಟರಾಗಿದ್ದರು. 1954ರಲ್ಲಿ ಆದ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲು ಹೋದವು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಆಸ್ಟ್ರೇಲಿಯಾದ ಪರ್ತ್‌ಗೂ ನ್ಯೂಯಾರ್ಕಿಗೂ ಹೋಗಿ ಪುನರ್ವಸತಿ ವೈದ್ಯ ಕಲಿತು ಬಂದು, 1963ರಲ್ಲಿ ವೆಲ್ಲೂರಿನಲ್ಲಿ ಅದಕ್ಕೊಂದು ವಿಭಾಗವನ್ನು ಮುನ್ನಡೆಸಿದರು. 1966ರಲ್ಲಿ ರೋಗಿಗಳು ಉಳಿದುಕೊಂಡು ಕಲಿಯುವ ಸಂಸ್ಥೆಯೂ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು. ಅಲ್ಲಿ ಮನೆಯವರೂ ರೋಗಿಯ ಜೊತೆಗಿದ್ದು, ಎತ್ತುವುದು ಇಳಿಸುವುದು ಎಲ್ಲವನ್ನೂ ಕಲಿತು ಹೋಗುತ್ತಾರೆ. ಮನೆಗೆ ಹೋದ ಹಳೆಯ ರೋಗಿಗಳನ್ನು ಮತ್ತೆ ಸೇರಿಸುವ ಮೇಳವೂ ನಡೆಯುತ್ತದೆ. ನಮ್ಮ ಬೆಂಗಳೂರಿನಲ್ಲೂ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆ ಪ್ರತ್ಯೇಕ ವಿಭಾಗವಿದೆ. ಇದೆಲ್ಲ ಇತ್ತು, ಇದೆ. ಆದರೆ ಇರುವುದು ಒಂದು ಮಾತು, ಊರಿನ ಹೆಂಗಸಿಗೆ ಅದು ಇದೆ ಎಂದು ಯಾರಾದರೂ ಹೇಳುವುದು ಇನ್ನೊಂದು ಮಾತು.

ಈ ನಡುವೆ ಯಂತ್ರಗಳು ಬಂದವು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಸಿ.ಟಿ. ಸ್ಕ್ಯಾನ್ ಮಾಡಿದರು. ರಕ್ತಸ್ರಾವವೋ, ಹೆಪ್ಪುಗಟ್ಟಿದ್ದೋ ಎಂದು ಬದುಕಿದ್ದಾಗಲೇ ತಿಳಿಯುವಂತಾಯಿತು. 1995ರಲ್ಲಿ, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆ ಎಂದು ಅಮೆರಿಕದವರು ತೋರಿಸಿದರು. ಈಗ ನಾಲ್ಕೂವರೆ ಗಂಟೆಯವರೆಗೂ ಕೊಡುತ್ತಾರೆ. ಆದರೆ 1993ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಬರಹದ ವಿಷಯ ಓದಿದಾಗ ನಾನು ಬೆರಗಾದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಲಕ್ವದವರನ್ನು ಬೇರೆಯೇ ವಾರ್ಡಿನಲ್ಲಿಟ್ಟು, ಅದೇ ಕೆಲಸ ತಿಳಿದವರ ತಂಡ ನೋಡಿಕೊಂಡರೆ ಸಾಯುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂದು ಕಂಡುಬಂತು. ಅಲ್ಲಿ ವಿಶೇಷ ಔಷಧಿಯಿರಲಿಲ್ಲ. ಡಾಕ್ಟರು, ದಾದಿ, ವ್ಯಾಯಾಮದವರು, ಮಾತು ಕಲಿಸುವವರು, ಸಮಾಜಕಾರ್ಯದವರು ಒಟ್ಟಿಗೆ ಕೂತು ಒಬ್ಬೊಬ್ಬ ರೋಗಿಯ ವಿಷಯ ಮಾತಾಡುತ್ತಿದ್ದರು. ಬೇಗ ಎಬ್ಬಿಸಿ ಕೂರಿಸುತ್ತಿದ್ದರು. ಮನೆಯವರನ್ನು ಕರೆದು ಹೇಳಿಕೊಡುತ್ತಿದ್ದರು. ಮನೆಗೆ ಹೋಗುವ ದಿನವನ್ನು ಮೊದಲೇ ಯೋಚಿಸುತ್ತಿದ್ದರು. ಆ ದಶಕದ ಕೊನೆಗೆ ಲಂಡನ್, ಸ್ಟಾಕ್‌ಹೋಮ್‌ನಂಥ ಊರುಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಷ್ಟೇನೂ ಜೋರಾಗಿ ಹೊಡೆಯದ ರೋಗಿಗಳನ್ನು ಬೇಗ ಮನೆಗೆ ಕಳಿಸಿ, ಆಸ್ಪತ್ರೆಯ ತಂಡವೇ ಮನೆಗೆ ಹೋಗಿ ಆರೈಕೆ ಮುಂದುವರಿಸಿತು. ಅಂಥವರು ಹೆಚ್ಚು ಸ್ವತಂತ್ರರಾದರು.

ನಮ್ಮತ್ತೆ ಆಸ್ಪತ್ರೆಯಿಂದ ಬಂದದ್ದು 1994ರಲ್ಲಿ. ಲ್ಯಾನ್ಸೆಟ್‌ನಲ್ಲಿ ಅದು ಅಚ್ಚಾಗಿದ್ದು ಹಿಂದಿನ ವರ್ಷ. ಮಕ್ಕಳಿಗೆ ಇಸವಿ ಬಾಯಿಪಾಠ ಮಾಡಿಸುವಾಗ ನನಗೆ ಇಸವಿಗಳು ಇಷ್ಟು ಚುಚ್ಚುತ್ತವೆ ಎಂದು ಗೊತ್ತಿರಲಿಲ್ಲ.

2021ರಲ್ಲಿ ನನ್ನ ಅಕ್ಕನಿಗೂ ಇದೇ ರೋಗ ಬಂತು. ಕೊರೊನಾ ಕಾಲ, ಮೈಸೂರಿನ ಒಂದು ಆಸ್ಪತ್ರೆ, ಜೊತೆಗೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು. ನಾನು ಎರಡು ದಿನ ಇದ್ದೆ, ಸೊಸೆ ಉಳಿದ ದಿನ ಇದ್ದಳು. ಅಕ್ಕನಿಗೆ ಬಾಯಾರಿಕೆ ಎಂದು ನೀರಿನ ಲೋಟ ಎತ್ತಿದರೆ ದಾದಿ ಓಡಿಬಂದು ತಡೆದಳು. "ತಡೀರಿ ಅಮ್ಮ, ಮೊದಲು ನುಂಗೋಕೆ ಆಗುತ್ತಾ ಅಂತ ನೋಡಬೇಕು" ಎಂದು, ಅಕ್ಕನನ್ನು ನೆಟ್ಟಗೆ ಕೂರಿಸಿ ಒಂದೊಂದೇ ಚಮಚ ಕೊಟ್ಟು ಗಂಟಲು ಗಮನಿಸಿದಳು. ನಾನು ಗೋಡೆ ಕಡೆ ತಿರುಗಿಕೊಂಡೆ. ಇಪ್ಪತ್ತೇಳು ವರ್ಷದ ಹಿಂದೆ ಹೀಗೊಬ್ಬಳು ನನ್ನ ಕೈ ಹಿಡಿಯಬೇಕಿತ್ತು.

ಬಿಡುಗಡೆಗೆ ಮೂರು ದಿನ ಮೊದಲು ಒಬ್ಬ ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಆಸ್ಪತ್ರೆಯ ಸಮಾಜಕಾರ್ಯಕರ್ತೆಯಂತೆ. ಮನೆಗೆ ಎಷ್ಟು ಮೆಟ್ಟಿಲು? ಕಕ್ಕಸು ಒಳಗೋ ಹೊರಗೋ, ಕೂರುವುದೋ ಕುಕ್ಕರಗಾಲಿನದೋ? ರಾತ್ರಿ ಜೊತೆಗೆ ಯಾರು ಮಲಗುತ್ತಾರೆ? ಮಾತ್ರೆ ಯಾರು ಕೊಡುತ್ತಾರೆ, ಅವರಿಗೆ ಓದಲು ಬರುತ್ತದೆಯೇ? ಒಂದೊಂದು ಪ್ರಶ್ನೆಗೂ ಸೊಸೆ ಉತ್ತರ ಕೊಡುತ್ತಿದ್ದಳು. "ನಿಮಗೆ ಸಹಾಯಕ್ಕೆ ಯಾರಿದ್ದಾರೆ?" ಎಂದು ಆ ಹುಡುಗಿ ಕೇಳಿದಾಗ ಮಾತ್ರ ಸೊಸೆಗೆ ಅಳು ಬಂದುಬಿಟ್ಟಿತು. ಅಲ್ಲಿಯವರೆಗೆ ಅದನ್ನು ಮನೆಯವರು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಭುಜದ ಕೆಳಗೆ ದಿಂಬು ಇಡುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸೊಂಟ ಹಿಡಿದು ಎಬ್ಬಿಸುವುದು, ಎಲ್ಲವನ್ನೂ ಸೊಸೆಯ ಕೈಯಲ್ಲಿ ಮಾಡಿಸಿಯೇ ಕಳಿಸಿದರು. ಚೀಟಿ ಕನ್ನಡದಲ್ಲಿತ್ತು. ಬಿ.ಪಿ. ಮಾತ್ರೆಯ ಮುಂದೆ ಡಾಕ್ಟರನ್ನು ಕೇಳದೆ ನಿಲ್ಲಿಸಕೂಡದು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ವಾರದ ನಂತರ ಫೋನೂ ಬಂತು.

ಹಾಗಾದರೆ ಎಲ್ಲವೂ ಸರಿಹೋಯಿತೇ ಎಂದರೆ, ಇಲ್ಲ. ಅಕ್ಕನ ಊರಿನಲ್ಲಿ ವ್ಯಾಯಾಮ ಮಾಡಿಸುವವರಿಲ್ಲ. ಪಟ್ಟಣದಿಂದ ಬರುವವರಿಗೆ ಒಂದು ಸಲಕ್ಕೆ ಐನೂರು ರೂಪಾಯಿ. ಎರಡು ತಿಂಗಳು ಕರೆಸಿ ನಿಲ್ಲಿಸಿದರು. ಸೊಸೆ ಖಾಸಗಿ ಶಾಲೆಯ ಕೆಲಸ ಬಿಟ್ಟಳು. ಮಗ ಬಿಡಬಹುದಿತ್ತೇ ಎಂಬ ಪ್ರಶ್ನೆ ಆ ಮನೆಯಲ್ಲಿ ಏಳಲೇ ಇಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನಿಟ್ಟುಕೊಂಡು ಒಂದು ದೊಡ್ಡ ಪ್ರಯೋಗ ನಡೆಯಿತು. ಅಟೆಂಡ್ ಎಂದು ಅದರ ಹೆಸರು. ಅರ್ಧದಷ್ಟು ರೋಗಿಗಳ ಮನೆಯವರಿಗೆ ಆಸ್ಪತ್ರೆಯಲ್ಲೇ ಕೆಲವು ದಿನ ವ್ಯಾಯಾಮ, ಆರೈಕೆ ಹೇಳಿಕೊಟ್ಟರು. ಉಳಿದವರಿಗೆ ಮಾಮೂಲಿನಂತೆ. ಆರು ತಿಂಗಳಾದ ಮೇಲೆ ನೋಡಿದರೆ ಎರಡೂ ಕಡೆ ಒಂದೇ ಫಲ. ಎರಡೂ ಗುಂಪಿನಲ್ಲಿ ನೂರಕ್ಕೆ 47 ಮಂದಿ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರನ್ನು ಅವಲಂಬಿಸಿದ್ದರು. 2017ರಲ್ಲಿ ಇದು ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು.

ಇದನ್ನು ಓದಿದ ದಿನ ನನಗೆ ಸಿಟ್ಟೇ ಬಂತು. ಹೇಳಿಕೊಟ್ಟರೂ ಅಷ್ಟೇ ಎನ್ನುವುದಾದರೆ ನಾನು ಇಷ್ಟು ವರ್ಷ ಕೊರಗಿದ್ದೇಕೆ? ಮೂರು ನಾಲ್ಕು ದಿನ ಆ ಅಂಕಿ ತಲೆಯಲ್ಲಿ ತಿರುಗುತ್ತಿತ್ತು. ಆಮೇಲೆ ನನಗೆ ಅನ್ನಿಸಿದ್ದು ಇಷ್ಟು. ಮೈಸೂರಿನ ಆ ದಾದಿ ತಡೆದದ್ದರಿಂದ ಅಕ್ಕನಿಗೆ ನೀರು ನೆತ್ತಿಗೇರಲಿಲ್ಲ. ಬೆನ್ನಿಗೆ ಹುಣ್ಣಾಗಲಿಲ್ಲ. ಭುಜ ಜಾರಲಿಲ್ಲ. ಇದೊಂದು ಮನೆಯ ಮಾತು, ಸಾವಿರದ ಲೆಕ್ಕವಲ್ಲ. ಆದರೂ ನೋಯದಂತೆ ನೋಡಿಕೊಳ್ಳುವುದನ್ನು ಕಲಿಸಲೇಬೇಕು. ಸೋತ ಕೈಕಾಲನ್ನು ಮತ್ತೆ ಗೆಲ್ಲಿಸುವುದು ಬೇರೆ ಕೆಲಸ. ಅದಕ್ಕೆ ವರ್ಷಗಟ್ಟಲೆ ಓದಿದವರು ಬೇಕು. ಆ ಕೆಲಸವನ್ನೂ ಸೊಸೆಯ ತಲೆಗೆ ಕಟ್ಟಿ, ಮನೆಯವರಿಗೆ ಹೇಳಿಕೊಟ್ಟಿದ್ದೇವೆ ಎಂದು ಕೈ ತೊಳೆದುಕೊಂಡರೆ ಆಗದು. ಹೆಂಗಸರ ಪ್ರೀತಿಯನ್ನೇ ಪುಕ್ಕಟೆ ಔಷಧಿ ಎಂದು ಲೆಕ್ಕ ಬರೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಈ ಪ್ರಯೋಗ ಅದಕ್ಕೆ ಉತ್ತರ ಕೊಟ್ಟಿದೆ ಎಂದೇ ನಾನು ತಿಳಿದುಕೊಂಡಿದ್ದೇನೆ. 2010ರಲ್ಲಿ ಕೇಂದ್ರ ಸರ್ಕಾರ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗಗಳ ಜೊತೆಗೆ ಲಕ್ವವನ್ನೂ ಸೇರಿಸಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಬಿ.ಪಿ. ನೋಡುವುದು, ಮಾತ್ರೆ ಕೊಡುವುದು ಅದರಿಂದ ಊರೂರಿಗೆ ಬರುತ್ತಿದೆ. ಮನೆಯಲ್ಲಿ ಮಲಗಿರುವವರ ಕೈಕಾಲು ಆಡಿಸುವವರೂ ಹಾಗೆಯೇ ಬರಬೇಕು.

ಕಳೆದ ವಾರ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಬಂದಿದ್ದಳು. ಅವಳ ಮಾವನವರಿಗೆ ಲಕ್ವ ಹೊಡೆದು, ಮಾರನೆಯ ದಿನ ಮನೆಗೆ ಕಳಿಸುತ್ತಾರಂತೆ. "ಆಂಟಿ, ನಿಮಗೆ ಇದೆಲ್ಲ ಗೊತ್ತಂತಲ್ಲ" ಎಂದಳು. ಕಂಕುಳಲ್ಲಿ ಮಗು, ಕೈಯಲ್ಲಿ ಇಂಗ್ಲಿಷ್ ಚೀಟಿ. ಅವಳನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆಸ್ಪತ್ರೆ ಬಿಡುವ ಮೊದಲು ಕೇಳಬೇಕಾದದ್ದು: ನುಂಗುವುದನ್ನು ಪರೀಕ್ಷೆ ಮಾಡಿದ್ದೀರಾ? ಏನು ತಿನ್ನಿಸಬೇಕು, ಹೇಗೆ ಕೂರಿಸಿ ತಿನ್ನಿಸಬೇಕು? ಎತ್ತುವುದು ಹೇಗೆಂದು ನಮ್ಮ ಕೈಯಲ್ಲೇ ಒಮ್ಮೆ ಮಾಡಿಸಿ ತೋರಿಸುತ್ತೀರಾ? ಯಾವ ಮಾತ್ರೆ ಎಷ್ಟು ದಿನ, ಯಾವುದು ಜೀವನಪೂರ್ತಿ? ಏನಾದರೆ ತಕ್ಷಣ ಕರೆದುಕೊಂಡು ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು? ಉತ್ತರ ಸಿಗುವವರೆಗೆ ಮಂಚ ಖಾಲಿ ಮಾಡಬೇಡ ಎಂದೂ ಹೇಳಿದೆ.

"ಬೈತಾರೇನೋ ಆಂಟಿ" ಎಂದಳು.

"ಬೈದರೆ ಬೈಸಿಕೋ. ಕೇಳಿಕೊಂಡೇ ಬಾ" ಎಂದೆ.

ಅವರು ಬಂದಿದ್ದಾರೆ. ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಸಿಕ್ಕಿತಂತೆ. ಅವರ ಮಂಚ ಬಹಳ ತಗ್ಗು, ಎದ್ದು ನಿಲ್ಲಲು ಮಾವನವರಿಗೆ ಕಷ್ಟವಾಗುತ್ತದೆ. ಕಾಲುಗಳ ಕೆಳಗೆ ಇಡಲು ನಮ್ಮ ಹಿತ್ತಲಿನಲ್ಲಿ ನಾಲ್ಕು ಇಟ್ಟಿಗೆ ತೆಗೆದಿಟ್ಟಿದ್ದೇನೆ. ಬೆಳಿಗ್ಗೆ ಅವಳ ಗಂಡ ಕೆಲಸಕ್ಕೆ ಹೋಗುವ ಮೊದಲೇ ಹೋಗಬೇಕು. ಸೊಂಟ ಹಿಡಿದು ಎಬ್ಬಿಸುವುದನ್ನು ಅವನೂ ಕಲಿಯಲಿ.